ಕೈ ಇದೆ, ಕಣ್ಣಿದೆ, ಕಾಲು ಸಾಲದು: ಹದಿನೈದರ ಹಾಕಿ ಹುಡುಗನ ಸ್ಕೇಟಿಂಗ್ ತಿದ್ದಬಹುದೇ?

ನಾಪೋಕ್ಲು–ಮಿಸ್ಸಿಸಾಗ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ಐಸ್ ಹಾಕಿ ಆಡುವ ಮಕ್ಕಳ ತಂದೆತಾಯಿಯರು ಈ ಬಳಗದಲ್ಲಿ ನಾಲ್ಕೈದು ಮಂದಿಯಾದರೂ ಇದ್ದೀರಿ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ನನ್ನ ಮಗನಿಗೆ ಈಗ ಹದಿನೈದು ವರ್ಷ. ಏಳನೆಯ ವಯಸ್ಸಿನಿಂದ ಆಡುತ್ತಿರುವ ಅವನು ಈ ಋತುವಿನಲ್ಲಿ ಟೊರಾಂಟೊ ಸುತ್ತಲಿನ ಕಿರಿಯರ ಲೀಗ್ ಆದ ಜಿಟಿಎಚ್‌ಎಲ್‌ನ ಹದಿನಾರರೊಳಗಿನವರ ಎಎಎ (ಅತಿ ಮೇಲಿನ ದರ್ಜೆಯ) ತಂಡವೊಂದಕ್ಕೆ ಸೆಂಟರ್, ಅಂದರೆ ಮುಂಚೂಣಿಯ ನಡುವಿನ ಆಟಗಾರ, ಆಗಿ ಆಡಿದ. ಆಂಟೇರಿಯೊ ಹಾಕಿ ಲೀಗ್‌ನ ಸ್ಕೌಟ್‌ಗಳು (ಆಟಗಾರರನ್ನು ಹುಡುಕಿ ಅಳೆಯುವವರು) ನೋಟ್‌ಬುಕ್ ಹಿಡಿದು ಬಂದು ಕೂರುವ ವರ್ಷ ಇದೇ ಎಂಬುದು ಇಲ್ಲಿನವರಿಗೆ ಗೊತ್ತಿದೆ. ಡ್ರಾಫ್ಟ್ ದಿನ, ಅಂದರೆ ತಂಡಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುವ ದಿನ, ಕೊನೆಯ ಸುತ್ತಿನವರೆಗೂ ಮನೆಮಂದಿಯೆಲ್ಲ ಪರದೆ ನೋಡುತ್ತ ಕುಳಿತೆವು, ಅವನ ಹೆಸರು ಬರಲಿಲ್ಲ.

ಋತು ಮುಗಿದ ಮೇಲೆ ಕೋಚ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ ಮಾತು ಹೀಗಿತ್ತು: ಆಟ ಎಲ್ಲಿಗೆ ಹೋಗುತ್ತದೆ ಎಂಬುದು ಈ ಹುಡುಗನಿಗೆ ಉಳಿದವರಿಗಿಂತ ಎರಡು ಕ್ಷಣ ಮೊದಲೇ ತಿಳಿಯುತ್ತದೆ, ಆದರೆ ಅಲ್ಲಿಗೆ ಅವನು ತಲುಪುವುದು ಎರಡು ಕ್ಷಣ ತಡವಾಗಿ. ಮನೆಗೆ ಬರುವ ದಾರಿಯುದ್ದಕ್ಕೂ ಮಗ ಕಾರಿನ ಕಿಟಕಿಯಿಂದ ಹೊರಗೇ ನೋಡುತ್ತಿದ್ದ.

ನಾನು ಕೊಡಗಿನವನು. ಕೊಡವ ಕುಟುಂಬಗಳ ಹಾಕಿ ಉತ್ಸವ 1997ರಲ್ಲಿ ಶುರುವಾದಾಗ ಶಾಲೆಯ ಹುಡುಗನಾಗಿದ್ದೆ, ಆಮೇಲೆ ನಮ್ಮ ಒಕ್ಕದ (ಮನೆತನದ) ತಂಡಕ್ಕೆ ನಾಲ್ಕು ವರ್ಷ ಆಡಿದ್ದೇನೆ. ಹಾಗಾಗಿ ಸ್ಟಿಕ್ ಹಿಡಿಯುವುದು, ತಲೆ ಎತ್ತಿಕೊಂಡು ಆಡುವುದು, ಎದುರಾಳಿಯ ಸೊಂಟ ನೋಡಿ ಅವನು ಎತ್ತ ತಿರುಗುತ್ತಾನೆಂದು ಊಹಿಸುವುದು, ಇದನ್ನೆಲ್ಲ ಗ್ಯಾರೇಜಿನಲ್ಲಿ ನಾನೇ ಕಲಿಸಿದೆ. ಸ್ಕೇಟಿಂಗ್ ಕಲಿಸಲು ಮಾತ್ರ ನನ್ನಿಂದ ಆಗಲಿಲ್ಲ, ಏಕೆಂದರೆ ಐಸ್ ಮೇಲೆ ನಾನು ಈಗಲೂ ಗೋಡೆ ಹಿಡಿದೇ ನಡೆಯುವವನು. ನಮ್ಮ ಸೋಮವಾರಪೇಟೆಯ ಹಾಕಿ ಆಟಗಾರ ಎಸ್.ವಿ. ಸುನಿಲ್ ಬದಿಯಿಂದ ಮಿಂಚಿನಂತೆ ನುಗ್ಗುವುದನ್ನು ನೋಡಿದವರಿಗೆ ವೇಗವೆಂದರೆ ಕಾಲಿನ ಶಕ್ತಿ ಎಂದೇ ಅನ್ನಿಸುತ್ತದೆ. ಆದರೆ ನನ್ನ ಮಗ ನೆಲದ ಮೇಲೆ ಓಡಿದರೆ ಇಡೀ ತಂಡದಲ್ಲಿ ಎರಡನೆಯವನು, ಐಸ್ ಮೇಲೆ ಕೊನೆಯ ನಾಲ್ವರಲ್ಲಿ ಒಬ್ಬ. ಇದು ಹೇಗೆ ಎಂಬುದು ನನಗೆ ಅರ್ಥವಾಗುತ್ತಿಲ್ಲ. ಕಳೆದೊಂದು ವರ್ಷದಲ್ಲಿ ಅವನು ಐದು ಅಂಗುಲ ಬೆಳೆದಿದ್ದಾನೆ ಎಂಬುದನ್ನೂ ಹೇಳಿಬಿಡುತ್ತೇನೆ.

ಈ ಬೇಸಿಗೆಯಲ್ಲಿ ಒಂದಕ್ಕೆ ಮಾತ್ರ ಹಣ ಹೊಂದಿಸಬಲ್ಲೆ. ಪವರ್ ಸ್ಕೇಟಿಂಗ್ (ಹಾಕಿಗೆ ಬೇಕಾದ ಸ್ಕೇಟಿಂಗನ್ನೇ ಕಲಿಸುವ) ಶಿಬಿರಕ್ಕೆ ಕಳಿಸುವುದೋ, ಮೂವರು–ಮೂವರ ಲೀಗ್‌ನಲ್ಲಿ ಆಡಿಸುವುದೋ, ಅಥವಾ ಸ್ಕೇಟಿಂಗ್ ಟ್ರೆಡ್‌ಮಿಲ್ ಮೇಲೆ ಓಡಿಸುವವರ ಬಳಿ ಸೇರಿಸುವುದೋ? ಅದಕ್ಕಿಂತ ಮೊದಲು, ಈ ವಯಸ್ಸಿನಲ್ಲಿ ಇದು ತಿದ್ದುವಂಥದ್ದೇ ಎಂಬುದನ್ನು ಅನುಭವಸ್ಥರು ತಿಳಿಸಬೇಕಾಗಿ ಕೋರುತ್ತೇನೆ.

ಕಾಲ್ಗರಿಯ ಬೆಚ್ಚಗಾಳಿ ಬರೆದಿದ್ದಾರೆ:

ಸರ್, ನಿಮ್ಮ ಕೋಚ್ ಹೇಳಿದ ಮಾತು ಓದುತ್ತಿದ್ದಂತೆ ನಮ್ಮೂರಿನ ಹುಡುಗನೊಬ್ಬನ ನೆನಪಾಯಿತು. ಬ್ರೇಡನ್ ಪಾಯಿಂಟ್ 1996ರಲ್ಲಿ ಇದೇ ಕಾಲ್ಗರಿಯಲ್ಲಿ ಹುಟ್ಟಿದವನು. 2013–14ರಲ್ಲಿ ಮೂಸ್ ಜಾ ವಾರಿಯರ್ಸ್ ಎಂಬ ಜೂನಿಯರ್ ತಂಡದಲ್ಲಿ 72 ಪಂದ್ಯಗಳಿಗೆ 91 ಅಂಕ (ಗೋಲು, ಗೋಲಿಗೆ ಕೊಟ್ಟ ನೆರವು ಎರಡೂ ಸೇರಿ) ಗಳಿಸಿದ್ದ. ಅಷ್ಟಾದರೂ ದೊಡ್ಡ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನ 2014ರ ಡ್ರಾಫ್ಟ್‌ನಲ್ಲಿ 78 ಹುಡುಗರು ಅವನಿಗಿಂತ ಮೊದಲು ಹೋದರು, ಟ್ಯಾಂಪಾ ಬೇ ತಂಡ ಮೂರನೆಯ ಸುತ್ತಿನಲ್ಲಿ ಅವನನ್ನು ಎತ್ತಿಕೊಂಡಿತು. ಜನ ಹಿಂಜರಿದದ್ದಕ್ಕೆ ಕಾರಣ ಸರಳವಾಗಿತ್ತು: ಆಳು ಸಣ್ಣ, ಸಣ್ಣ ಆಳಿಗೆ ಇರಲೇಬೇಕಾದ ವೇಗವೂ ಇಲ್ಲ.

ಟ್ಯಾಂಪಾದವರು ಅವನನ್ನು ಬಾರ್ಬ್ ಅಂಡರ್‌ಹಿಲ್ ಅವರ ಕೈಗೆ ಒಪ್ಪಿಸಿದರು. ಅಂಡರ್‌ಹಿಲ್ ಹಾಕಿ ಆಡಿ ಬಂದವರಲ್ಲ, ಪಾಲ್ ಮಾರ್ಟಿನಿಯವರೊಂದಿಗೆ 1984ರಲ್ಲಿ ಜೋಡಿ ಫಿಗರ್ ಸ್ಕೇಟಿಂಗ್‌ನ ವಿಶ್ವ ಚಾಂಪಿಯನ್ ಆದವರು. ಅವರ ಬಳಿ ಹೋದವರಲ್ಲಿ ಪಾಯಿಂಟ್ ಮೊದಲಿಗನೂ ಅಲ್ಲ. ಆರೂವರೆ ಅಡಿಯ ಬ್ರಯಾನ್ ಬಾಯ್ಲ್ ನ್ಯೂಯಾರ್ಕ್ ರೇಂಜರ್ಸ್‌ನಲ್ಲಿದ್ದಾಗ 2009–10ರಲ್ಲಿ ಹೊಡೆದದ್ದು 4 ಗೋಲು, 2010ರ ಬೇಸಿಗೆಯಲ್ಲಿ ಅಂಡರ್‌ಹಿಲ್ ಅವರೊಂದಿಗೆ ದುಡಿದ ನಂತರದ ಋತುವಿನಲ್ಲಿ 21 ಗೋಲು. ಆಗ ಬಾಯ್ಲ್‌ಗೆ ಇಪ್ಪತ್ತೈದು ದಾಟಿತ್ತು. ಆದ್ದರಿಂದ ಹದಿನೈದಕ್ಕೇ ಬಾಗಿಲು ಮುಚ್ಚಿತೇ ಎಂಬ ನಿಮ್ಮ ಆತಂಕಕ್ಕೆ ಇದೇ ಉತ್ತರ ಎಂದುಕೊಳ್ಳಿ.

ಪಾಯಿಂಟ್ 2016–17ರಲ್ಲಿ ನೇರವಾಗಿ ಎನ್‌ಎಚ್‌ಎಲ್‌ಗೆ ಬಂದು 68 ಪಂದ್ಯಗಳಲ್ಲಿ 40 ಅಂಕ ಗಳಿಸಿದ, ಎರಡು ವರ್ಷ ಕಳೆದು 41 ಗೋಲು ಹೊಡೆದ, 2022–23ರಲ್ಲಿ 51. ಆದರೆ ನನಗೆ ಈ ಅಂಕಿಗಳಿಗಿಂತ 2020ರ ಆಗಸ್ಟ್‌ನ ಒಂದು ರಾತ್ರಿಯೇ ಹೆಚ್ಚು ನೆನಪಿದೆ. ಕೊಲಂಬಸ್ ವಿರುದ್ಧದ ಪಂದ್ಯ ಐದನೆಯ ಹೆಚ್ಚುವರಿ ಅವಧಿಗೆ ಹೋಗಿತ್ತು. 150 ನಿಮಿಷ ಆಡಿ ಎರಡೂ ತಂಡದವರ ಕಾಲು ಕಡ್ಡಿಯಾಗಿದ್ದಾಗ ಪಂದ್ಯ ಮುಗಿಸುವ ಗೋಲು ಹೊಡೆದವನು ಇದೇ ಪಾಯಿಂಟ್. ಒಳ್ಳೆಯ ಸ್ಕೇಟಿಂಗ್ ಎಂದರೆ ಮೊದಲ ಶಿಫ್ಟ್‌ನ (ಒಮ್ಮೆ ಐಸ್‌ಗೆ ಇಳಿದು ಆಡುವ ಸರದಿಯ) ವೇಗವಷ್ಟೇ ಅಲ್ಲ, ಶಕ್ತಿಯನ್ನು ದುಂದು ಮಾಡದೆ ಕೊನೆಯ ಶಿಫ್ಟ್‌ನವರೆಗೆ ಉಳಿಸಿಕೊಳ್ಳುವುದೂ ಹೌದು ಎಂಬುದಕ್ಕೆ ನಾನು ನನ್ನ ಮಗಳಿಗೆ ತೋರಿಸುವ ಉದಾಹರಣೆ ಅದು.

ಒಂದು ಮಾತು ಗಮನಿಸಿ. ಡ್ರಾಫ್ಟ್ ಆದ ಮೇಲೂ ಪಾಯಿಂಟ್ ಎರಡು ಋತು ಮೂಸ್ ಜಾದಲ್ಲೇ ಇದ್ದ. ಒಂದು ಬೇಸಿಗೆಯಲ್ಲಿ ಆದ ಪವಾಡ ಅಲ್ಲ ಅದು.

ಎಡ್ಮಂಟನ್ ಹಳೆಮನೆ ಬರೆದಿದ್ದಾರೆ:

ಕಾಲ್ಗರಿಯವರ ಮಾತನ್ನು ಗೌರವಿಸುತ್ತಲೇ (ಎಡ್ಮಂಟನ್‌ನವನು ಕಾಲ್ಗರಿಯವರನ್ನು ಗೌರವಿಸುವುದು ವರ್ಷಕ್ಕೊಮ್ಮೆ ಮಾತ್ರ, ಈ ವರ್ಷದ್ದು ಇಲ್ಲಿಗೆ ಮುಗಿಯಿತು) ಬೇರೆ ಬದಿಯನ್ನೂ ಹೇಳಬೇಕೆನ್ನಿಸುತ್ತದೆ. ಸ್ಕೇಟಿಂಗ್ ಸಾಲದು ಎಂಬುದು ಸ್ಕೌಟ್‌ಗಳ ಬಾಯಿಗೆ ಬಲು ಸುಲಭವಾಗಿ ಬರುವ ಮಾತು, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ತಲೆಯೊಳಗೆ ನಡೆಯುವುದು ಕಾಣುವುದಿಲ್ಲ.

ಲೂಕ್ ರೊಬಿಟೈ ಅವರನ್ನು 1984ರಲ್ಲಿ ಲಾಸ್ ಏಂಜಲೀಸ್ ಕಿಂಗ್ಸ್ ಒಂಬತ್ತನೆಯ ಸುತ್ತಿನಲ್ಲಿ, 171ನೆಯವರಾಗಿ ಆರಿಸಿತು. ಕಾಲು ನಿಧಾನ ಎಂಬುದೇ ದೂರು. ಅದೇ ಡ್ರಾಫ್ಟ್‌ನಲ್ಲಿ ಅದೇ ತಂಡ ಅವರಿಗಿಂತ ನೂರು ಸ್ಥಾನ ಮೇಲೆ ತೆಗೆದುಕೊಂಡ ಟಾಮ್ ಗ್ಲಾವಿನ್ ಹಾಕಿಯನ್ನೇ ಬಿಟ್ಟು ಬೇಸ್‌ಬಾಲ್‌ಗೆ ಹೋದರು. ರೊಬಿಟೈ ಮೊದಲ ಋತುವಿನಲ್ಲೇ 45 ಗೋಲು ಹೊಡೆದು, ಒಟ್ಟು 668 ಗೋಲುಗಳೊಂದಿಗೆ ನಿವೃತ್ತರಾದರು. ಮಾರ್ಕ್ ಸ್ಟೋನ್ 2010ರಲ್ಲಿ 178ನೆಯ ಆಯ್ಕೆ, ಈಗಲೂ ಅವನ ಸ್ಕೇಟಿಂಗ್‌ಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ 2023ರ ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್ ಪ್ರಶಸ್ತಿ) ಗೆದ್ದ ಪಂದ್ಯದಲ್ಲಿ ವೇಗಸ್ ನಾಯಕನಾಗಿ ಮೂರು ಗೋಲು ಹೊಡೆದವನು ಅವನೇ. ಡಲ್ಲಾಸ್‌ನ ಜೇಸನ್ ರಾಬರ್ಟ್‌ಸನ್ 2017ರಲ್ಲಿ ಎರಡನೆಯ ಸುತ್ತಿಗೆ ಜಾರಿದ್ದೂ ಕಾಲಿನ ಕಾರಣಕ್ಕೇ, 2022–23ರಲ್ಲಿ ಅವನದು 109 ಅಂಕ.

ಸರ್, ನಿಮ್ಮ ಮಗನನ್ನು ಎಎಎ ಮಟ್ಟಕ್ಕೆ ತಂದದ್ದು ಅವನ ಕೈ ಮತ್ತು ತಲೆ. ಬೇಸಿಗೆಯಿಡೀ ಶಂಕುಗಳ ನಡುವೆ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಇಲ್ಲದೆ ಸುತ್ತಿಸಿ, ಚೆಂದವಾಗಿ ಜಾರುವ ಆದರೆ ಆಟ ಮರೆತ ಹುಡುಗನನ್ನು ಸೆಪ್ಟೆಂಬರ್‌ನಲ್ಲಿ ವಾಪಸು ತರುವ ಶಿಬಿರಗಳನ್ನು ನಾನು ನೋಡಿದ್ದೇನೆ. ನನ್ನ ದೊಡ್ಡ ಮಗನ ವಿಷಯದಲ್ಲಿ ಅದಕ್ಕೆ ಎರಡು ಸಾವಿರ ಡಾಲರ್ ತೆತ್ತಿದ್ದೇನೆ. ಮೂವತ್ತು ಮಕ್ಕಳಿಗೆ ಇಬ್ಬರು ಕೋಚ್‌ಗಳು. ಸಾಲಿನಲ್ಲಿ ನಿಂತು ಕಾಯುವುದನ್ನು ಅವನು ಬಹಳ ಚೆನ್ನಾಗಿ ಕಲಿತ. ನನ್ನ ಮತವೇನಿದ್ದರೂ ಮೂವರು–ಮೂವರ ಲೀಗ್‌ಗೇ.

ಸಾಣೆಯವನು ಬರೆದಿದ್ದಾರೆ:

ನಾನು ವಾರಾಂತ್ಯದಲ್ಲಿ ರಿಂಕ್ ಒಂದರ ಅಂಗಡಿಯಲ್ಲಿ ಸ್ಕೇಟುಗಳಿಗೆ ಸಾಣೆ ಹಿಡಿಯುತ್ತೇನೆ. ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಕೆಲಸ, ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಶಿಬಿರವೋ ಲೀಗ್‌ವೋ ಎಂದು ತೀರ್ಮಾನಿಸುವ ಮೊದಲು ಮಗನ ಸ್ಕೇಟನ್ನು ಕೈಗೆತ್ತಿಕೊಂಡು ನೋಡಿ ಎಂದು ವಿನಂತಿಸುತ್ತೇನೆ. ನಮ್ಮ ಜನ, ನನ್ನನ್ನೂ ಸೇರಿಸಿಯೇ ಹೇಳುತ್ತೇನೆ, ಮಕ್ಕಳಿಗೆ ಶಾಲೆಯ ಯೂನಿಫಾರ್ಮ್ ಹೊಲಿಸುವ ಲೆಕ್ಕದಲ್ಲೇ ಸ್ಕೇಟನ್ನೂ ಕೊಳ್ಳುತ್ತೇವೆ: ಬೆಳೆಯುವ ಹುಡುಗ, ಒಂದು ಅಳತೆ ಹೆಚ್ಚೇ ಇರಲಿ.

ಹಾಕಿ ಸ್ಕೇಟು ಸಾಮಾನ್ಯವಾಗಿ ಬೂಟಿನ ಅಳತೆಗಿಂತ ಒಂದರಿಂದ ಒಂದೂವರೆ ಅಳತೆ ಚಿಕ್ಕದಿರಬೇಕು. ನೆಟ್ಟಗೆ ನಿಂತಾಗ ಬೆರಳ ತುದಿ ಮುಂಭಾಗದ ಗಟ್ಟಿ ಟೋಪಿಯನ್ನು ಮೆಲ್ಲಗೆ ಸವರಬೇಕು, ಮಂಡಿ ಬಗ್ಗಿಸಿದಾಗ ಹಿಮ್ಮಡಿ ಹಿಂದಕ್ಕೆ ಕುಳಿತು ಬೆರಳು ಬಿಡಿಸಿಕೊಳ್ಳಬೇಕು. ಆಳ ನೋಡಲು ಲೇಸು ಬಿಚ್ಚಿ, ನಾಲಿಗೆಯನ್ನು ಮುಂದಕ್ಕೆ ಮಡಚಿ, ಮೇಲಿನಿಂದ ಮೂರನೆಯ ರಂಧ್ರಗಳ ಮಟ್ಟದಲ್ಲಿ ಅಡ್ಡಲಾಗಿ ಒಂದು ಪೆನ್ಸಿಲ್ ಇಡಿ. ಪೆನ್ಸಿಲ್ ಕಾಲಿಗೆ ತಾಗದೆ ಎರಡೂ ಅಂಚಿನ ಮೇಲೆ ಮಲಗಿದರೆ ಸರಿ, ಕಾಲಿನ ಮೇಲೆ ಎತ್ತಿ ನಿಂತರೆ ಬೂಟು ಆಳ ಸಾಲದು. ದೊಡ್ಡ ಬೂಟಿನೊಳಗೆ ಪಾದ ಜಾರುತ್ತದೆ, ಕಣಕಾಲು ಒಳಕ್ಕೆ ಮುರಿದಂತೆ ವಾಲುತ್ತದೆ. ಆಗ ಹುಡುಗ ತಳ್ಳಿದ ಶಕ್ತಿಯಲ್ಲಿ ಅರ್ಧ ಬೂಟಿನೊಳಗೇ ಕರಗಿಹೋಗುತ್ತದೆ.

ಎರಡನೆಯದು ಬ್ಲೇಡು. ಅದರ ತಳ ಚಪ್ಪಟೆಯಲ್ಲ, ನಡುವೆ ಒಂದು ಸಣ್ಣ ಕಾಲುವೆಯಿದ್ದು ಅದರ ಎರಡು ದಡಗಳೇ ಒಳ ಅಂಚು ಮತ್ತು ಹೊರ ಅಂಚು. ಕಾಲುವೆ ಆಳವಾದಷ್ಟೂ ಐಸ್ ಅನ್ನು ಕಚ್ಚಿ ಹಿಡಿಯುತ್ತದೆ, ತೆಳುವಾದಷ್ಟೂ ಜಾರಿಕೆ ಹೆಚ್ಚು. ಅರ್ಧ ಇಂಚಿನ ತ್ರಿಜ್ಯ ಸಾಮಾನ್ಯ, ತ್ರಿಜ್ಯ ಹೆಚ್ಚಿದಷ್ಟೂ ಕಾಲುವೆ ತೆಳು. ಮೈಭಾರ ಹೆಚ್ಚಿದ ಹುಡುಗರಿಗೆ ಇಂಚಿನ ಎಂಟನೆಯ ಐದು ಭಾಗಕ್ಕೆ (5/8) ಬದಲಿಸಿದರೆ ಬ್ರೇಕು ಹಾಕಿಕೊಂಡು ಓಡಿಸುವ ಕಾರಿನ ಹ್ಯಾಂಡ್‌ಬ್ರೇಕು ಇಳಿಸಿದಂತಾಗುತ್ತದೆ. ಸ್ಕೇಟನ್ನು ತಲೆಕೆಳಗೆ ಹಿಡಿದು ಬ್ಲೇಡಿನ ಮೇಲೆ ಐದು ಸೆಂಟಿನ ನಾಣ್ಯವನ್ನು ಅಡ್ಡಲಾಗಿ ಮಲಗಿಸಿ, ಹಿಂದಿನಿಂದ ಕಣ್ಣಳತೆಯಲ್ಲಿ ನೋಡಿ. ನಾಣ್ಯ ವಾಲಿದ್ದರೆ ಒಂದು ಅಂಚು ಇನ್ನೊಂದಕ್ಕಿಂತ ಎತ್ತರವಿದೆ ಎಂದರ್ಥ. ಅಂಥ ಬ್ಲೇಡಿನ ಮೇಲೆ ಯಾವ ಕೋಚ್ ಏನು ಕಲಿಸಿದರೂ ಹುಡುಗ ಒಂದೇ ಕಡೆಗೆ ತಿರುಗುತ್ತಾನೆ.

ಧಾರವಾಡದ ಫಿಸಿಯೋ ಬರೆದಿದ್ದಾರೆ:

ಒಂದು ವರ್ಷದಲ್ಲಿ ಐದು ಅಂಗುಲ ಎಂಬ ಮಾತಿನ ಮೇಲೆ ಯಾರೂ ಕೈಯಿಡಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ಈ ವಯಸ್ಸಿನಲ್ಲಿ ಮೂಳೆ ಮೊದಲು ಉದ್ದವಾಗುತ್ತದೆ, ಸ್ನಾಯು ಅದರ ಹಿಂದೆ ಬರುತ್ತದೆ. ನಡುವಿನ ತಿಂಗಳುಗಳಲ್ಲಿ ಹುಡುಗನ ಮೈ ಅವನಿಗೇ ಅಪರಿಚಿತವಾಗಿರುತ್ತದೆ. ಕಳೆದ ವರ್ಷ ಸಲೀಸಾಗಿ ಮಾಡುತ್ತಿದ್ದ ತಿರುವಿನಲ್ಲಿ ಈ ವರ್ಷ ಎಡವುತ್ತಾನೆ. ಭಾರದ ಕೇಂದ್ರ ಮೇಲಕ್ಕೆ ಸರಿದಿರುವುದರಿಂದ ಮೊದಲಿನಷ್ಟೇ ಸ್ಥಿರವಾಗಿರಲು ಅವನು ಮೊದಲಿಗಿಂತ ಹೆಚ್ಚು ಕೂರಬೇಕು, ಆದರೆ ಕೂರಲು ಬೇಕಾದ ತೊಡೆಯ ಬಲ ಇನ್ನೂ ಬಂದಿರುವುದಿಲ್ಲ. ಆದ್ದರಿಂದ ಈ ವರ್ಷ ಕಂಡ ಸ್ಕೇಟಿಂಗನ್ನೇ ಅವನ ನಿಜವಾದ ಸ್ಕೇಟಿಂಗ್ ಎಂದು ಅಳೆದುಬಿಡುವುದು ಅವನಿಗೆ ಅನ್ಯಾಯ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಬರಿಗಾಲಿನಲ್ಲಿ ಗೋಡೆಗೆ ಎದುರಾಗಿ, ಹೆಬ್ಬೆರಳು ಗೋಡೆಯಿಂದ ನಾಲ್ಕು ಅಂಗುಲ ದೂರ ಇರುವಂತೆ ನಿಂತು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಲಿ. ಮುಟ್ಟದಿದ್ದರೆ ಕಣಕಾಲು ಬಿಗಿದಿದೆ ಎಂದರ್ಥ. ಕಣಕಾಲು ಮಡಚದವನು ಮಂಡಿ ಬಗ್ಗಿಸಲು ಹೋದರೆ ಸೊಂಟದಿಂದ ಮುಂದಕ್ಕೆ ಬಾಗುತ್ತಾನೆ, ಎದೆ ಬೀಳುತ್ತದೆ, ಕಣ್ಣು ಐಸ್ ನೋಡುತ್ತದೆ. ಬೆಂಚಿನ ಹಿಂದೆ ನಿಂತು "ಮಂಡಿ ಬಗ್ಗಿಸೋ" ಎಂದು ಕೂಗುವುದರಿಂದ ಅದು ಸರಿಹೋಗುವುದಿಲ್ಲ. ನಮ್ಮ ಅಜ್ಜಂದಿರು ಕಟ್ಟೆಯ ಮೇಲೆ ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂತು ಹರಟುತ್ತಿದ್ದರು. ಕುರ್ಚಿಯಲ್ಲೇ ಬೆಳೆದ ಈ ಮಕ್ಕಳಲ್ಲಿ ಎಷ್ಟೋ ಮಂದಿಗೆ ಹಿಮ್ಮಡಿ ನೆಲಕ್ಕೂರಿ ಒಂದು ನಿಮಿಷ ಹಾಗೆ ಕೂರಲು ಆಗುವುದಿಲ್ಲ, ಅದನ್ನು ನನ್ನ ಕ್ಲಿನಿಕ್‌ನಲ್ಲಿ ದಿನವೂ ನೋಡುತ್ತೇನೆ.

ಟ್ರೆಡ್‌ಮಿಲ್ ಬಗ್ಗೆ ಕೇಳಿದ್ದೀರಿ. ದಮ್ಮು ಹೆಚ್ಚಿಸಲು ಅದು ಕೆಟ್ಟದ್ದಲ್ಲ, ಆದರೆ ಅಲ್ಲಿ ನೆಲವೇ ಕಾಲಿನ ಕೆಳಗೆ ಹಿಂದಕ್ಕೆ ಓಡುತ್ತದೆ. ನಿಂತಲ್ಲಿಂದ ಮೈಯನ್ನು ಎಳೆದೊಯ್ಯುವುದೇ ನಿಮ್ಮ ಮಗನ ತೊಂದರೆಯಾಗಿದ್ದರೆ ಆ ಯಂತ್ರ ಅದನ್ನು ಕಲಿಸಲಾರದು. ಒಂಟಿ ಕಾಲಿನ ಮೇಲೆ ಕೂತೇಳುವುದು, ಬದಿಗೆ ನೆಗೆದು ಒಂದೇ ಕಾಲಿನಲ್ಲಿ ನಿಂತು ಮೂರು ಎಣಿಸುವುದು, ಇವು ಪುಕ್ಕಟೆ.

ಒಟ್ಟಾವಾ–ಶಿವಮೊಗ್ಗ ಬರೆದಿದ್ದಾರೆ:

ನನ್ನ ಮಗಳು ಹತ್ತು ವರ್ಷ ಫಿಗರ್ ಸ್ಕೇಟಿಂಗ್ ಮಾಡಿದಳು, ಬೆಳಗಿನ ಜಾವ ಐದೂವರೆಗೆ ರಿಂಕ್ ಪಕ್ಕ ಕಂಬಳಿ ಹೊದ್ದು ಕೂತ ಅನುಭವದಿಂದ ಬರೆಯುತ್ತಿದ್ದೇನೆ. ನೆಲದ ಮೇಲೆ ಎರಡನೆಯವನು, ಐಸ್ ಮೇಲೆ ಹಿಂದಿನವನು ಎಂಬ ನಿಮ್ಮ ಒಗಟಿಗೆ ಉತ್ತರ ಇದೆ ಸರ್. ನೆಲದಲ್ಲಿ ಪಾದ ಹಿಡಿತ ಪಡೆಯುತ್ತದೆ, ಹಾಗಾಗಿ ನೇರ ಹಿಂದಕ್ಕೆ ಒದ್ದು ಮುಂದಕ್ಕೆ ಹೋಗುತ್ತೇವೆ. ಐಸ್ ಮೇಲೆ ಬ್ಲೇಡು ತನ್ನ ಉದ್ದಕ್ಕೆ ಜಾರಿಹೋಗುವುದರಿಂದ ನೇರ ಹಿಂದಕ್ಕೆ ಒದ್ದರೆ ಕಾಲು ಹೋಗುತ್ತದೆ, ಮೈ ಹೋಗುವುದಿಲ್ಲ. ಬ್ಲೇಡು ಹಿಡಿತ ಕೊಡುವುದು ಅಡ್ಡಕ್ಕೆ ಮಾತ್ರ, ಅದೂ ಒಳ ಅಂಚಿನ ಮೇಲೆ ವಾಲಿಸಿ ಒತ್ತಿದಾಗ. ಚೆನ್ನಾಗಿ ಓಡುವ ಮಕ್ಕಳೇ ಐಸ್ ಮೇಲೆ ಓಡಲು ಹೋಗಿ ಹಿಂದುಳಿಯುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಿಂತಲ್ಲಿಂದ ಹೊರಡುವ ಮೊದಲ ಎರಡು ಮೂರು ಹೆಜ್ಜೆಗಳಲ್ಲಿ ಮಾತ್ರ, ಪಾದವನ್ನು ಬಾತುಕೋಳಿಯಂತೆ ಹೊರಕ್ಕೆ ತಿರುಗಿಸಿ ಓಡಿದಂತೆ ಮಾಡಬೇಕು. ಆಮೇಲೆ ಬದಿಗೆ ಪೂರ್ತಿ ಒತ್ತಿ, ಕಾಲನ್ನು ಮತ್ತೆ ಮೈಯ ಅಡಿಗೇ ತಂದು ಇಡಬೇಕು.

ಇದನ್ನು ಕಣ್ಣಿಗಿಂತ ಕಿವಿಯಿಂದ ಬೇಗ ತಿಳಿಯಬಹುದು. ಖಾಲಿ ರಿಂಕ್‌ನಲ್ಲಿ ಕಣ್ಣು ಮುಚ್ಚಿ ಕೂತು ಕೇಳಿ. ಅಂಚಿನ ಮೇಲೆ ಒತ್ತುವವನ ಹೆಜ್ಜೆಗೆ ಹೊಸ ಬಟ್ಟೆಯನ್ನು ಒಂದೇ ಎಳೆತಕ್ಕೆ ಹರಿದ ಸದ್ದು ಬರುತ್ತದೆ. ಬೆರಳ ತುದಿಯಿಂದ ಕೆರೆಯುವವನ ಹೆಜ್ಜೆಗೆ ತೆಂಗಿನಕಾಯಿ ತುರಿದ ಸದ್ದು.

ಹಾಕಿಯವರು ಫಿಗರ್ ಸ್ಕೇಟರ್‌ಗಳಿಂದ ಕಲಿಯುವುದು ಅಂಡರ್‌ಹಿಲ್ ಅವರಿಂದ ಶುರುವಾದದ್ದೂ ಅಲ್ಲ. 1970ರ ದಶಕದಲ್ಲಿ ಲಾರಾ ಸ್ಟ್ಯಾಮ್ ಎಂಬ ಶಿಕ್ಷಕಿ ನ್ಯೂಯಾರ್ಕ್ ಐಲ್ಯಾಂಡರ್ಸ್‌ನ ಬಾಬ್ ನೈಸ್ಟ್ರಮ್‌ಗೆ ಸ್ಕೇಟಿಂಗ್ ತಿದ್ದಿದರು. 1980ರ ಸ್ಟ್ಯಾನ್ಲಿ ಕಪ್ಪನ್ನು ಐಲ್ಯಾಂಡರ್ಸ್‌ಗೆ ತಂದುಕೊಟ್ಟ ಹೆಚ್ಚುವರಿ ಅವಧಿಯ ಗೋಲು ಹೊಡೆದವನು ಆ ನೈಸ್ಟ್ರಮ್. ಅಂದಹಾಗೆ ಅಂಡರ್‌ಹಿಲ್–ಮಾರ್ಟಿನಿ ವಿಶ್ವ ಪ್ರಶಸ್ತಿ ಗೆದ್ದದ್ದು ನಮ್ಮ ಒಟ್ಟಾವಾದಲ್ಲೇ.

ಶಿಬಿರದ ಬದಲು ನಿಮ್ಮೂರಿನ ಫಿಗರ್ ಸ್ಕೇಟಿಂಗ್ ಕ್ಲಬ್‌ನ ಒಬ್ಬ ಶಿಕ್ಷಕಿಯನ್ನು ವಾರಕ್ಕೆ ಅರ್ಧ ಗಂಟೆ ಕೇಳಿ ನೋಡಿ. ಸ್ಟಿಕ್ ಇಲ್ಲದೆ, ಒಂದೇ ಕಾಲಿನ ಮೇಲೆ, ಒಳ ಅಂಚಿನಲ್ಲಿ ಅರ್ಧ ವೃತ್ತ, ಹೊರ ಅಂಚಿನಲ್ಲಿ ಅರ್ಧ ವೃತ್ತ. ಸ್ಟಿಕ್ ಇದ್ದರೆ ಮಕ್ಕಳು ಅದನ್ನೇ ಮೂರನೆಯ ಕಾಲು ಮಾಡಿಕೊಳ್ಳುತ್ತಾರೆ.

ನಾಪೋಕ್ಲು–ಮಿಸ್ಸಿಸಾಗ ಬರೆದಿದ್ದಾರೆ:

ಇಷ್ಟು ಮನಸ್ಸಿಟ್ಟು ಬರೆದ ಎಲ್ಲರಿಗೂ ವಂದನೆಗಳು. ನಿನ್ನೆ ಸಂಜೆ ಊಟದ ಮೇಜಿನ ಮೇಲೆ ಪೆನ್ಸಿಲ್, ನಾಣ್ಯ, ಅಳತೆಪಟ್ಟಿ ಹರಡಿಕೊಂಡು ಕುಳಿತೆವು. ಫಲಿತಾಂಶವನ್ನು ನಾಚಿಕೆಯಿಂದಲೇ ಒಪ್ಪಿಸುತ್ತೇನೆ. ಸ್ಕೇಟು ಅವನ ಬೂಟಿನಷ್ಟೇ ಅಳತೆಯದು, ಅಂದರೆ ಇರಬೇಕಾದದ್ದಕ್ಕಿಂತ ಒಂದೂವರೆ ಅಳತೆ ದೊಡ್ಡದು. ಕಳೆದ ವರ್ಷ ರಿಯಾಯಿತಿ ಮಾರಾಟದಲ್ಲಿ ನಾನೇ ಆರಿಸಿದ್ದು. ಎರಡು ಜೊತೆ ಕಾಲುಚೀಲ ಹಾಕಿಕೊಂಡು ಆಡುತ್ತಿದ್ದೆ ಎಂದು ಮಗ ಈಗ ಹೇಳುತ್ತಾನೆ. ಆಗಲೇ ಏಕೆ ಹೇಳಲಿಲ್ಲ ಎಂದು ಕೇಳಿದರೆ, ಅಷ್ಟು ದುಡ್ಡು ಕೊಟ್ಟಿದ್ದಿರಲ್ಲ ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬಲಗಾಲಿನ ಬ್ಲೇಡಿನ ಮೇಲೆ ನಾಣ್ಯ ಸ್ಪಷ್ಟವಾಗಿ ಹೊರಕ್ಕೆ ವಾಲಿತ್ತು.

ಗೋಡೆಯ ಪರೀಕ್ಷೆಯಲ್ಲಿ ಎಡಮಂಡಿ ಸುಲಭವಾಗಿ ಮುಟ್ಟಿತು. ಬಲಗಡೆ ಹಿಮ್ಮಡಿ ಎದ್ದುಬಿಟ್ಟಿತು. ಎರಡು ವರ್ಷದ ಹಿಂದೆ ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವಾಗ ಅದೇ ಕಣಕಾಲು ಉಳುಕಿತ್ತು, ಊತ ಇಳಿದ ಮೇಲೆ ನಾವು ಅದನ್ನು ಮರೆತೇ ಬಿಟ್ಟಿದ್ದೆವು.

ಹಳೆಯ ಪಂದ್ಯಗಳ ವಿಡಿಯೋಗಳನ್ನು ಮತ್ತೆ ನೋಡಿದೆ. ಹುಡುಗ ಎಡಕ್ಕೆ ತಿರುಗುವಾಗ ಕಾಲ ಮೇಲೆ ಕಾಲು ದಾಟಿಸಿ ವೇಗ ಹೆಚ್ಚಿಸಿಕೊಳ್ಳುತ್ತಾನೆ, ಬಲಕ್ಕೆ ತಿರುಗುವಾಗ ಎರಡೂ ಕಾಲು ನೆಲಕ್ಕಿಟ್ಟು ಸುಮ್ಮನೆ ಜಾರುತ್ತಾನೆ. ಒಂದು ಇಡೀ ಋತು ನಾನು ಗ್ಯಾಲರಿಯಲ್ಲಿ ಕೂತು ಪಕ್ ಒಂದನ್ನೇ ನೋಡುತ್ತಿದ್ದೆ ಎಂಬುದು ಈಗ ಗೊತ್ತಾಯಿತು.

ಎಡ್ಮಂಟನ್ ಹಳೆಮನೆ ಬರೆದಿದ್ದಾರೆ:

ಹಾಗಾದರೆ ನನ್ನ ಮೂವರು–ಮೂವರ ಲೀಗ್ ಸದ್ಯಕ್ಕೆ ಬದಿಗಿರಲಿ, ಸರಿಯಾದ ಸ್ಕೇಟು ಕೊಡಿಸುವುದೇ ಮೊದಲ ಖರ್ಚು. ಆದರೆ ಅವನ ಸ್ಟಿಕ್ಕನ್ನು ಮಾತ್ರ ಕಿತ್ತುಕೊಳ್ಳಬೇಡಿ, ಗ್ಯಾರೇಜಿನ ಅಭ್ಯಾಸ ಎಂದಿನಂತೆ ನಡೆಯಲಿ.

ಡ್ರಾಫ್ಟ್ ಕೈತಪ್ಪಿತು ಎಂದು ಕೊರಗಬೇಕಾದ ಕಾಲವೂ ಇದಲ್ಲ. ಮೊದಲೆಲ್ಲ ಮೇಜರ್ ಜೂನಿಯರ್‌ನಲ್ಲಿ (ಆಂಟೇರಿಯೊ ಲೀಗ್‌ನಂಥವುಗಳಲ್ಲಿ) ಆಡಿದವನಿಗೆ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ಮುಚ್ಚುತ್ತಿತ್ತು, ಹಾಗಾಗಿ ಹದಿನಾರಕ್ಕೇ ದಾರಿ ಆರಿಸಬೇಕಿತ್ತು. 2024ರ ನವೆಂಬರ್‌ನಲ್ಲಿ ಆ ನಿಯಮ ಬದಲಾಯಿತು, 2025ರ ಆಗಸ್ಟ್‌ನಿಂದ ಎರಡೂ ದಾರಿ ತೆರೆದಿವೆ. ತಡವಾಗಿ ಕೈಕಾಲು ಕೂಡಿಬರುವ ಹುಡುಗರಿಗೆ ಇದು ಒಳ್ಳೆಯದೇ. ಸರ್ರೆಯ ಪಂಜಾಬಿ ಹುಡುಗ ಅರ್ಶ್‌ದೀಪ್ ಬೈನ್ಸ್ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಆಯ್ಕೆಯೇ ಆಗಲಿಲ್ಲ. ರೆಡ್ ಡೀರ್ ತಂಡದಲ್ಲಿ ಆಡುತ್ತ 2021–22ರಲ್ಲಿ 112 ಅಂಕಗಳೊಂದಿಗೆ ಪಶ್ಚಿಮದ ಜೂನಿಯರ್ ಲೀಗ್‌ನಲ್ಲೇ ಮೊದಲಿಗನಾಗಿ ಎನ್‌ಎಚ್‌ಎಲ್‌ನ ವ್ಯಾಂಕೂವರ್ ತಂಡ ಸೇರಿದ.

ಕಾಲ್ಗರಿಯ ಬೆಚ್ಚಗಾಳಿ ಬರೆದಿದ್ದಾರೆ:

ಎಡ್ಮಂಟನ್‌ನವರ ಮಾತಿಗೆ ಒಂದೇ ತಕರಾರು. ರೊಬಿಟೈ, ಸ್ಟೋನ್ ಇಬ್ಬರೂ ವಿಂಗ್‌ನವರು, ಅಂದರೆ ಮುಂಚೂಣಿಯ ಎಡ ಅಥವಾ ಬಲ ಬದಿಯಲ್ಲಿ ಆಡುವವರು. ಸೆಂಟರ್ ಆಡುವವನು ತನ್ನ ಗೋಲಿನ ಮುಂದಿನಿಂದ ಎದುರಾಳಿಯ ಗೋಲಿನ ಮುಂದಿನವರೆಗೆ ಇಡೀ 200 ಅಡಿಯನ್ನೂ ಕಾಯಬೇಕು, ಅವನಿಗೆ ನಿಧಾನವಾದ ಕಾಲನ್ನು ಬಚ್ಚಿಡಲು ಜಾಗವಿಲ್ಲ. ವಿಂಗ್‌ಗೆ ಸರಿಯುವ ಆಯ್ಕೆಯನ್ನೂ ಕೋಚ್ ಜೊತೆ ಮಾತಾಡಿಟ್ಟುಕೊಳ್ಳಿ ಸರ್.

ನಾಪೋಕ್ಲು–ಮಿಸ್ಸಿಸಾಗ ಬರೆದಿದ್ದಾರೆ:

ಐದು ತಿಂಗಳ ನಂತರ ಬರೆಯುತ್ತಿದ್ದೇನೆ, ಕೆಲವರು ಖಾಸಗಿಯಾಗಿ ವಿಚಾರಿಸಿದ್ದರಿಂದ. ಶಿಬಿರಕ್ಕೆ ಕಳಿಸಲಿಲ್ಲ. ಆ ಹಣದಲ್ಲಿ ಅಳತೆಯ ಸ್ಕೇಟು ಕೊಡಿಸಿ, ಉಳಿದದ್ದರಲ್ಲಿ ಫಿಗರ್ ಸ್ಕೇಟಿಂಗ್ ಶಿಕ್ಷಕಿಯೊಬ್ಬರ ಬಳಿ ವಾರಕ್ಕೊಮ್ಮೆ ಅರ್ಧ ಗಂಟೆ ಸೇರಿಸಿದೆ. ಮೊದಲ ಮೂರು ವಾರ ಹೊಸ ಬೂಟಿನಲ್ಲಿ ಹುಡುಗ ಮೊದಲಿಗಿಂತಲೂ ನಿಧಾನವಾದ, ಮನೆಯಲ್ಲಿ ಮಾತುಕತೆ ಕಡಿಮೆಯಾಯಿತು. ಬಲ ಕಣಕಾಲಿಗೆ ಬೆಳಿಗ್ಗೆ ಸಂಜೆ ವ್ಯಾಯಾಮ ನಡೆದಿದೆ, ಈಗ ಮಂಡಿ ಗೋಡೆಯಿಂದ ಒಂದು ಬೆರಳಿನಷ್ಟು ದೂರದಲ್ಲಿ ನಿಲ್ಲುತ್ತದೆ.

ಗೋಲು ಗೆರೆಯಿಂದ ನೀಲಿ ಗೆರೆಯವರೆಗಿನ 64 ಅಡಿಯನ್ನು ಜೂನ್‌ನಿಂದ ನಾನೇ ಗಡಿಯಾರ ಹಿಡಿದು ಅಳೆಯುತ್ತಿದ್ದೇನೆ. ಒಂದು ಸೆಕೆಂಡಿನ ಹತ್ತನೆಯ ಎರಡು ಭಾಗದಷ್ಟು ಕಡಿಮೆಯಾಗಿದೆ, ಅದರಲ್ಲಿ ನನ್ನ ಹೆಬ್ಬೆರಳಿನ ಪಾತ್ರ ಎಷ್ಟೋ ಹೇಳಲಾರೆ. ಮಗನನ್ನು ಈ ಋತುವಿನಲ್ಲಿ ಹದಿನೆಂಟರೊಳಗಿನವರ ತಂಡವೊಂದು ತೆಗೆದುಕೊಂಡಿದೆ, ಮೂರನೆಯ ಸಾಲಿನಲ್ಲಿ, ವಿಂಗ್ ಸ್ಥಾನಕ್ಕೆ. ಆ ಬದಲಾವಣೆ ಅವನಿಗೆ ಇನ್ನೂ ಒಗ್ಗಿಲ್ಲ.

ಒಟ್ಟಾವಾದ ಮೇಡಂ ಅವರಲ್ಲಿ ಒಂದು ಪ್ರಶ್ನೆ. ಬಲಕ್ಕೆ ತಿರುಗುವಾಗ ಬಲಗಾಲಿನ ಹೊರ ಅಂಚಿನ ಮೇಲೆ ನಿಲ್ಲಲು ಇನ್ನೂ ಭಯಪಡುತ್ತಾನೆ. ಅಭ್ಯಾಸಕ್ಕೆಂದು ಭಾನುವಾರ ಸಾರ್ವಜನಿಕರ ಸ್ಕೇಟಿಂಗ್ ಸಮಯಕ್ಕೆ ಕರೆದೊಯ್ಯುತ್ತೇನೆ, ಆದರೆ ಅಲ್ಲಿ ಎಲ್ಲರೂ ಎಡಕ್ಕೇ ಸುತ್ತಬೇಕೆಂಬ ನಿಯಮ.

ಒಟ್ಟಾವಾ–ಶಿವಮೊಗ್ಗ ಬರೆದಿದ್ದಾರೆ:

ಎಲ್ಲ ರಿಂಕ್‌ಗಳಲ್ಲೂ ಅದೇ ಕಥೆ ಸರ್, ಅದಕ್ಕೇ ಮಕ್ಕಳ ಎಡತಿರುವು ತಾನಾಗಿ ಬಲಿಯುತ್ತದೆ, ಬಲತಿರುವು ಬಡವಾಗಿ ಉಳಿಯುತ್ತದೆ. ರಿಂಕ್‌ನ ನಡುವಿನ ವೃತ್ತವನ್ನು ಸಾಮಾನ್ಯವಾಗಿ ಫಿಗರ್ ಸ್ಕೇಟರ್‌ಗಳಿಗೆ ಬಿಟ್ಟಿರುತ್ತಾರೆ. ಕಾವಲಿನವರನ್ನು ಕೇಳಿ ಅಲ್ಲಿಗೆ ಕಳಿಸಿ, ವೃತ್ತದ ಗೆರೆಯ ಮೇಲೆ ಬಲಗಾಲೊಂದರಲ್ಲೇ ನಿಧಾನವಾಗಿ ಬಲಕ್ಕೆ ಸುತ್ತಲಿ. ವೇಗ ಬೇಡವೇ ಬೇಡ. ಬೀಳುತ್ತಾನೆ, ಪಕ್ಕದಲ್ಲಿ ಎಂಟು ವರ್ಷದ ಹುಡುಗಿಯರು ಹಿಮ್ಮುಖವಾಗಿ ಅದನ್ನೇ ಮಾಡುತ್ತಿರುತ್ತಾರೆ, ಅವರಲ್ಲಿ ಯಾರಾದರೂ ಒಬ್ಬಳು ಮಂಡಿ ಎಲ್ಲಿಡಬೇಕೆಂದು ಅವನಿಗೆ ಖಂಡಿತ ಹೇಳಿಕೊಡುತ್ತಾಳೆ. ನೀವು ಗ್ಯಾಲರಿಯಲ್ಲೇ ಇರಿ.